ಓದುಗರ ಪ್ರಶ್ನೆ: ಗಾರ್ಫೀಲ್ಡ್ ಯಾಕೆ ಹೆಸರು ಹೇಳಲಿಲ್ಲ?

ಹೋದ ಸಂಚಿಕೆಯಲ್ಲಿ ಹಾಲಿವುಡ್‌ನ ಹಳೆಯ ಕಪ್ಪು-ಬಿಳುಪು ಕ್ರೈಂ ಚಿತ್ರಗಳ ಬಗ್ಗೆ ಬರೆಯುವಾಗ ಒಂದು ಸಾಲು ಸುಮ್ನೆ ಹಾಗೇ ಬಂದುಹೋಗಿತ್ತು: ನಟ ಜಾನ್ ಗಾರ್ಫೀಲ್ಡ್ 39ಕ್ಕೇ ತೀರಿಕೊಂಡ, ಅದಕ್ಕೂ ಮೊದಲೇ ಹಾಲಿವುಡ್ ಅವನ ಕೈ ಬಿಟ್ಟಿತ್ತು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿದ್ದರೆ ಆಗಲೇ ನಾಲ್ಕು ಪುಟ ಬರೆದುಬಿಡುತ್ತಿದ್ದೆ. ಈ ಸಲದ ಅಂಕಣ ಪೂರ್ತಿ ಅವನಿಗೇ. 1951ರಲ್ಲಿ ಅಮೆರಿಕ ಸಂಸತ್ತಿನ ಒಂದು ಸಮಿತಿ, ನಿನಗೆ ಗೊತ್ತಿರುವ ಕಮ್ಯುನಿಸ್ಟರ ಹೆಸರು ಹೇಳು ಅಂತ ಕೂರಿಸಿದಾಗ ಅವನು ಹೇಳಲಿಲ್ಲ; ಕಮ್ಯುನಿಸ್ಟ್ ಅಂತ ಅನುಮಾನ ಬಿದ್ದವರಿಗೆ ಹಾಲಿವುಡ್ ಕೆಲಸ ಕೊಡದ 'ಕಪ್ಪುಪಟ್ಟಿ'ಯ ಕಾಲ ಅದು. ಬೇರೆ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ನೋಡೋಣ.

ಪ್ರಶ್ನೆ: ಹಂಫ್ರಿ ಬೊಗಾರ್ಟ್ ಗೊತ್ತು, ರಾಬರ್ಟ್ ಮಿಚಮ್ ಗೊತ್ತು. ಈ ಗಾರ್ಫೀಲ್ಡ್ ಯಾರು ಸ್ವಾಮಿ? ಹೆಸರೇ ಕೇಳಿಲ್ಲವಲ್ಲ.

ಕೇಳದೇ ಇರುವುದು ನಿಮ್ಮ ತಪ್ಪಲ್ಲ. ಬೊಗಾರ್ಟ್ ಮುಖ ಪೋಸ್ಟರ್‌ಗಳಲ್ಲಿ ಉಳಿಯಿತು, ಇವನದು ಉಳಿಯಲಿಲ್ಲ. ಆದರೆ 1947ರಲ್ಲಿ ಅಮೆರಿಕದಲ್ಲಿ ಯಾರನ್ನೇ ಕೇಳಿದ್ದರೂ ಗೊತ್ತು ಅನ್ನುತ್ತಿದ್ದರು.

ಹುಟ್ಟಿದ್ದು 1913ರ ಮಾರ್ಚ್ 4, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ. ರಷ್ಯಾದ ಕಡೆಯಿಂದ ವಲಸೆ ಬಂದ ಬಡ ಯಹೂದಿ ಮನೆ, ಅಪ್ಪನಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಮನೆತನದ ಹೆಸರು ಗಾರ್ಫಿಂಕಲ್, ಹುಡುಗನ ಹೆಸರು ಜೂಲಿಯಸ್. ಗೆಳೆಯರಿಗೆ ಕೊನೆಯವರೆಗೂ ಅವನು ಜೂಲಿಯೇ. ಏಳು ವರ್ಷಕ್ಕೆ ತಾಯಿ ಹೋದಳು. ಆಮೇಲೆ ಬೆಳೆದದ್ದು ಅವರಿವರ ಮನೆಯಲ್ಲಿ, ಜಾಸ್ತಿ ಬೀದಿಯಲ್ಲಿ. ಬ್ರಾಂಕ್ಸ್‌ನ ಒಂದು ಸರ್ಕಾರಿ ಶಾಲೆಗೆ ಬಂದು ಬೀಳದೇ ಇದ್ದಿದ್ದರೆ ಅವನ ಕಥೆ ಎಲ್ಲಿಗೆ ಹೋಗುತ್ತಿತ್ತೋ. ಅಲ್ಲಿನ ಮುಖ್ಯೋಪಾಧ್ಯಾಯ ಆಂಜೆಲೊ ಪಾತ್ರಿ, ಈ ಪೋಲಿ ಹುಡುಗನ ಬಾಯಲ್ಲಿ ಏನೋ ಇದೆ ಅಂತ ಕಂಡುಕೊಂಡು ಅವನನ್ನು ಚರ್ಚಾಸ್ಪರ್ಧೆಗೆ, ನಾಟಕಕ್ಕೆ ಹಚ್ಚಿದ. ಅಲ್ಲಿಂದ ನಾಟಕ ಶಾಲೆ, ಗೂಡ್ಸ್ ರೈಲು ಹತ್ತಿ ಊರೂರು ಅಲೆದಾಟ, ಕೊನೆಗೆ ಗ್ರೂಪ್ ಥಿಯೇಟರ್.

ಈ ಗ್ರೂಪ್ ಥಿಯೇಟರ್ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1931ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ತಂಡ. ಆರ್ಥಿಕ ಕುಸಿತದ ಕಾಲ, ಕೆಲಸ ಇಲ್ಲದವರ ಸಾಲು ಬೀದಿ ತುಂಬ. ಆ ತಂಡದವರು ಅದನ್ನೇ ರಂಗಕ್ಕೆ ತಂದರು. ಅವರ ಮನೆಯ ನಾಟಕಕಾರ ಕ್ಲಿಫರ್ಡ್ ಓಡೆಟ್ಸ್. 1937ರಲ್ಲಿ ಓಡೆಟ್ಸ್ 'ಗೋಲ್ಡನ್ ಬಾಯ್' ಬರೆದ. ಪಿಟೀಲು ಬಿಟ್ಟು ಬಾಕ್ಸಿಂಗ್ ರಿಂಗಿಗೆ ಇಳಿಯುವ ಹುಡುಗನ ಕಥೆ, ಗಾರ್ಫೀಲ್ಡ್‌ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಾತ್ರ ಹಂಚುವಾಗ ಮಾತ್ರ ನಾಯಕನ ಪಾತ್ರ ಲೂಥರ್ ಆಡ್ಲರ್‌ಗೆ ಹೋಯಿತು, ಇವನಿಗೆ ಸಿಕ್ಕಿದ್ದು ಟ್ಯಾಕ್ಸಿ ಡ್ರೈವರ್ ಪಾತ್ರ. ಉರಿದುಹೋಯಿತು. ಹಾಲಿವುಡ್‌ನ ವಾರ್ನರ್ ಬ್ರದರ್ಸ್ ಕರೆದಾಗ ಹೊರಟೇಬಿಟ್ಟ.

1938ರಲ್ಲಿ ಮೊದಲ ದೊಡ್ಡ ಚಿತ್ರ, 'ಫೋರ್ ಡಾಟರ್ಸ್'. ಚಿತ್ರವೇನೋ ಸಿಹಿ ಸಿಹಿ ಸಂಸಾರದ್ದು. ನಗುನಗುತ್ತಾ ಇರುವ ನಾಲ್ಕು ಹೆಣ್ಣುಮಕ್ಕಳ ಆ ಮನೆಗೆ ಒಬ್ಬ ಬರುತ್ತಾನೆ, ತಲೆ ಬಾಚಿಲ್ಲ, ಬಾಯಲ್ಲಿ ಸಿಗರೇಟು ನೇತಾಡುತ್ತಿದೆ, ಪಿಯಾನೊ ಮುಂದೆ ಕೂತು ನುಡಿಸುತ್ತಾ ವಿಧಿಯನ್ನು ಬೈಯುತ್ತಾನೆ. ಮೊದಲ ಚಿತ್ರಕ್ಕೇ ಪೋಷಕ ನಟನ ಆಸ್ಕರ್ ನಾಮನಿರ್ದೇಶನ. ಮಾರ್ಲನ್ ಬ್ರಾಂಡೊ, ಜೇಮ್ಸ್ ಡೀನ್ ಬಂದು ಮುಖ ಗಂಟುಹಾಕಿಕೊಂಡು ಗೊಣಗುವ ನಟನೆ ಶುರು ಮಾಡಿದರು ಅಂತ ಎಲ್ಲರೂ ಬರೆಯುತ್ತಾರೆ. ಅವರಿಗಿಂತ ಹತ್ತು-ಹದಿನೈದು ವರ್ಷ ಮೊದಲೇ ಇವನು ಅದನ್ನು ಮಾಡಿದ್ದ.

ಪ್ರಶ್ನೆ: ಎಲ್ಲಿಂದ ನೋಡಲು ಶುರು ಮಾಡಬೇಕು? ಎಲ್ಲ ನೋಡುವಷ್ಟು ಪುರುಸೊತ್ತಿಲ್ಲ.

ಮೂರು ನೋಡಿ. ಮೊದಲು 1946ರ 'ದ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್'. ರಸ್ತೆ ಬದಿಯ ಒಂದು ಹೋಟೆಲು. ನೆಲದ ಮೇಲೆ ಲಿಪ್‌ಸ್ಟಿಕ್ ಉರುಳಿಕೊಂಡು ಬರುತ್ತದೆ. ಗಾರ್ಫೀಲ್ಡ್ ಬಗ್ಗಿ ಎತ್ತಿಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ಬಿಳಿ ಬಟ್ಟೆಯ ಲಾನಾ ಟರ್ನರ್. ಅವಳು ಕೈ ಚಾಚುತ್ತಾಳೆ, ತಂದು ಕೊಡು ಅನ್ನುವ ಹಾಗೆ. ಇವನು ಕೊಡುವುದಿಲ್ಲ, ಕೌಂಟರ್‌ಗೆ ಒರಗಿ ನಿಂತುಬಿಡುತ್ತಾನೆ. ಬೇಕಿದ್ದರೆ ನೀನೇ ಬಾ. ಅವಳೇ ಬರುತ್ತಾಳೆ. ಮಾತಿಲ್ಲದೆ ಅಲ್ಲೇ ಕಥೆ ಮುಗಿಯಿತು, ಇನ್ನು ಗಂಡನನ್ನು ಕೊಲ್ಲುವುದೊಂದೇ ಬಾಕಿ.

ಎರಡನೆಯದು 1947ರ 'ಬಾಡಿ ಅಂಡ್ ಸೋಲ್'. ವಾರ್ನರ್ ಒಪ್ಪಂದ ಮುಗಿಸಿ ಹೊರಬಂದು ಮಾಡಿದ ಚಿತ್ರ. ಬಾಕ್ಸಿಂಗ್ ದೃಶ್ಯ ತೆಗೆಯುವಾಗ ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ ಕಾಲಿಗೆ ಚಕ್ರದ ಸ್ಕೇಟ್ ಕಟ್ಟಿಕೊಂಡು, ಕೈಯಲ್ಲಿ ಕ್ಯಾಮೆರಾ ಹಿಡಿದು ರಿಂಗಿನೊಳಗೇ ಸುತ್ತಿದ. ನೋಡುವಾಗ ನಮಗೇ ಏಟು ಬಿದ್ದ ಹಾಗಾಗುತ್ತದೆ. ಹುಡುಗ ದುಡ್ಡಿಗಾಗಿ ಬಾಕ್ಸಿಂಗ್‌ಗೆ ಹೋಗುತ್ತೇನೆ ಅಂದಾಗ ತಾಯಿ ಅನ್ನುತ್ತಾಳೆ, ಅದಕ್ಕಿಂತ ಒಂದು ಬಂದೂಕು ತಂದು ಗುಂಡು ಹೊಡೆದುಕೋ. ಅವನು ತಿರುಗಿ ಕಿರುಚುತ್ತಾನೆ, ಬಂದೂಕು ತರೋಕೂ ದುಡ್ಡು ಬೇಕು! ಬಡತನ ಕಂಡವನ ಗಂಟಲಿನಿಂದ ಬಂದ ಮಾತದು. ಈ ಚಿತ್ರಕ್ಕೆ ಅವನಿಗೆ ಅತ್ಯುತ್ತಮ ನಟನ ನಾಮನಿರ್ದೇಶನ ಬಂತು.

ಮೂರನೆಯದು 1948ರ 'ಫೋರ್ಸ್ ಆಫ್ ಈವಿಲ್', ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಬರೆದು ನಿರ್ದೇಶಿಸಿದವನು ಏಬ್ರಹಾಂ ಪೊಲೊನ್ಸ್ಕಿ. ಮಟ್ಕಾ ಥರದ ನಂಬರ್ ಜೂಜು. ಜುಲೈ 4ರಂದು ದೇಶಪ್ರೇಮದ ಹುಮ್ಮಸ್ಸಿನಲ್ಲಿ ಜನರೆಲ್ಲ 776ಕ್ಕೇ ಕಟ್ಟುತ್ತಾರೆ, ಅಮೆರಿಕ ಸ್ವಾತಂತ್ರ್ಯ ಘೋಷಿಸಿದ 1776ರ ನೆನಪಿಗೆ. ಆ ದಿನ ಬೇಕಂತಲೇ 776 ಬೀಳಿಸಿದರೆ ಸಣ್ಣ ಸಣ್ಣ ಬುಕ್ಕಿಗಳೆಲ್ಲ ದುಡ್ಡು ಕೊಡಲಾಗದೆ ಮುಳುಗುತ್ತಾರೆ, ದೊಡ್ಡ ಕುಳ ಎಲ್ಲವನ್ನೂ ನುಂಗಬಹುದು. ಈ ಪ್ಲಾನ್ ಹಾಕುವ ವಕೀಲ ಗಾರ್ಫೀಲ್ಡ್. ಮುಳುಗುವವರಲ್ಲಿ ಅವನ ಸ್ವಂತ ಅಣ್ಣನೂ ಒಬ್ಬ. ಕೊನೆಗೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬುಡಕ್ಕೆ, ಅಣ್ಣನ ಹೆಣ ಬಿದ್ದಿರುವ ಜಾಗಕ್ಕೆ ಅವನು ಇಳಿಯುತ್ತಾನೆ, ಇಳಿಯುತ್ತಾನೆ, ಮೆಟ್ಟಿಲು ಮುಗಿಯುವುದೇ ಇಲ್ಲ.

ಟೈಂ ಇದ್ದರೆ 'ಹ್ಯೂಮೊರೆಸ್ಕ್' ಕೂಡ ನೋಡಿ, ಅದೂ 1946ರದ್ದು. ಅದರಲ್ಲಿ ಅವನು ಪಿಟೀಲು ವಾದಕ. ಪಿಟೀಲು ಹಿಡಿಯಲೂ ಬಾರದವನು. ಅದಕ್ಕೇ ಕ್ಲೋಸಪ್‌ನಲ್ಲಿ ಅವನ ಹಿಂದೆ ಇಬ್ಬರು ನಿಜವಾದ ವಾದಕರು ಅಡಗಿ ಕೂತು, ಒಬ್ಬನ ಕೈ ತಂತಿಯ ಮೇಲೆ, ಇನ್ನೊಬ್ಬನ ಕೈ ಕಮಾನಿನ ಮೇಲೆ. ನಡುವೆ ಇವನು ಭಾವಪರವಶನಾಗಿ ಕಣ್ಣು ಮುಚ್ಚಿಕೊಂಡಿರುತ್ತಾನೆ. ಕೇಳಿಸುವ ಸಂಗೀತ ಐಸಾಕ್ ಸ್ಟರ್ನ್‌ನದು. ಗೊತ್ತಿದ್ದೂ ನೋಡಿದರೆ ಒಳ್ಳೇ ಮಜಾ.

ಪ್ರಶ್ನೆ: ಅವನು ಕಮ್ಯುನಿಸ್ಟ್ ಆಗಿದ್ದನಾ? ಹೌದಾ ಇಲ್ಲವಾ, ಒಂದೇ ಮಾತಲ್ಲಿ ಹೇಳಿ.

ಇಲ್ಲ. ಪಕ್ಷದ ಸದಸ್ಯನಾಗಿದ್ದ ಅನ್ನುವುದಕ್ಕೆ ಸಾಕ್ಷಿ ಯಾರಿಗೂ ಸಿಗಲಿಲ್ಲ, ವರ್ಷಗಟ್ಟಲೆ ಹಿಂದೆ ಬಿದ್ದ ಎಫ್‌ಬಿಐಗೂ ಸಿಗಲಿಲ್ಲ. ಅವನ ಹೆಂಡತಿ ರಾಬರ್ಟಾ ಒಂದು ಕಾಲಕ್ಕೆ ಸದಸ್ಯೆಯಾಗಿದ್ದಳು. ಗೆಳೆಯರಲ್ಲಿ ಹಲವರು ಆಗಿದ್ದರು. ಅವನು ಮಾತ್ರ ಮನವಿ ಬಂದರೆ ಸಹಿ ಹಾಕುತ್ತಿದ್ದ, ಸಭೆಗೆ ಕರೆದರೆ ಹೋಗುತ್ತಿದ್ದ, ಚಂದಾ ಕೇಳಿದರೆ ಕೊಡುತ್ತಿದ್ದ.

ಒಂದೇ ಮಾತು ಅಂದಿರಿ, ಆದರೂ ಇನ್ನೊಂದು ಮಾತು ಹೇಳಲೇಬೇಕು. ಎರಡನೇ ಮಹಾಯುದ್ಧ ಬಂದಾಗ, ಹೃದಯದ ತೊಂದರೆ ಅಂತ ಸೇನೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಸುಮ್ನೆ ಕೂರಲಿಲ್ಲ ಅವನು. 1942ರಲ್ಲಿ ಬೆಟ್ಟಿ ಡೇವಿಸ್ ಜೊತೆ ಸೇರಿ ಹಾಲಿವುಡ್ ಕ್ಯಾಂಟೀನ್ ಶುರು ಮಾಡಿದ. ಯುದ್ಧಕ್ಕೆ ಹೊರಟ ಸೈನಿಕರಿಗೆ ಅಲ್ಲಿ ಊಟ, ಕುಣಿತ, ಸಂಗೀತ ಎಲ್ಲ ಬಿಟ್ಟಿ, ಬಡಿಸುವವರು ಸಿನಿಮಾ ತಾರೆಯರು. 1945ರ 'ಪ್ರೈಡ್ ಆಫ್ ದ ಮರೀನ್ಸ್'ನಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಆಲ್ ಶ್ಮಿಡ್ ಅನ್ನುವ ನಿಜ ಸೈನಿಕನ ಪಾತ್ರ ಮಾಡಿದ. ಅಂಥವನನ್ನು ಆರು ವರ್ಷ ಕಳೆಯುವುದರೊಳಗೆ ದೇಶನಿಷ್ಠೆ ಸಾಬೀತು ಮಾಡು ಅಂತ ಕೂರಿಸಿದರು.

ಪ್ರಶ್ನೆ: ಕಪ್ಪುಪಟ್ಟಿ ಕಪ್ಪುಪಟ್ಟಿ ಅಂತೀರಲ್ಲ, ಆ ಪಟ್ಟಿ ಎಲ್ಲಿತ್ತು? ಯಾವ ಕಾನೂನಿನಲ್ಲಿ?

ಒಳ್ಳೇ ಪ್ರಶ್ನೆ. ಯಾವ ಕಾನೂನಿನಲ್ಲೂ ಇರಲಿಲ್ಲ, ಅದೇ ಅದರ ತಾಕತ್ತು. 1947ರ ಅಕ್ಟೋಬರ್‌ನಲ್ಲಿ ಅಮೆರಿಕ ಸಂಸತ್ತಿನ ಒಂದು ಸಮಿತಿ, 'ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿ' ಅಂತ ಅದರ ಹೆಸರು, ಹಾಲಿವುಡ್‌ನವರನ್ನು ವಾಷಿಂಗ್ಟನ್‌ಗೆ ಕರೆಸಿ, ನೀನು ಪಕ್ಷದ ಸದಸ್ಯನೋ ಅಲ್ಲವೋ ಅಂತ ಕೇಳಿತು. ಹತ್ತು ಜನ, ಬಹುತೇಕ ಚಿತ್ರಕಥೆ ಬರೆಯುವವರು, ಅದು ನಿಮಗೆ ಬೇಡದ ವಿಷಯ ಅಂದರು. ವಾಕ್ ಸ್ವಾತಂತ್ರ್ಯ ಕೊಡುವ, ಸಂವಿಧಾನದ ಮೊದಲ ತಿದ್ದುಪಡಿ ಕಾಪಾಡುತ್ತದೆ ಅನ್ನುವುದು ಅವರ ನಂಬಿಕೆ. ಕಾಪಾಡಲಿಲ್ಲ. ಸಂಸತ್ತಿಗೆ ಅವಮಾನ ಮಾಡಿದ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದ ಜೈಲು. ಅದಿನ್ನೂ ಕೋರ್ಟಿನಲ್ಲಿರುವಾಗಲೇ, 1947ರ ನವೆಂಬರ್‌ನಲ್ಲಿ, ಸ್ಟುಡಿಯೊ ಧಣಿಗಳು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಸೇರಿ, ಈ ಹತ್ತು ಜನರನ್ನು ತೆಗೆಯುತ್ತೇವೆ, ಗೊತ್ತಿದ್ದೂ ಯಾವ ಕಮ್ಯುನಿಸ್ಟನಿಗೂ ಕೆಲಸ ಕೊಡುವುದಿಲ್ಲ ಅಂತ ಹೇಳಿಕೆ ಕೊಟ್ಟರು. ಅಷ್ಟೇ. ಆಮೇಲೆ ಯಾರೂ ನಿಮಗೆ 'ನೀನು ಪಟ್ಟಿಯಲ್ಲಿದ್ದೀಯ' ಅನ್ನುವುದಿಲ್ಲ. ಫೋನ್ ಬರುವುದು ನಿಲ್ಲುತ್ತದೆ. ನೀವು ಮಾಡಿದರೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ.

(ಒಂದು ಉಪಕಥೆ ಹೇಳದಿದ್ದರೆ ನನಗೆ ನಿದ್ದೆ ಬರೋಲ್ಲ. ಆ 1947ರ ಸಮಿತಿಯ ಅಧ್ಯಕ್ಷ ಪಾರ್ನೆಲ್ ಥಾಮಸ್, ಕಚೇರಿಯ ಸಂಬಳದ ಲೆಕ್ಕದಲ್ಲಿ ಸುಳ್ಳು ಹೆಸರು ಬರೆದು ದುಡ್ಡು ಹೊಡೆದದ್ದಕ್ಕೆ ತಾನೇ ಜೈಲಿಗೆ ಹೋದ. ಡ್ಯಾನ್‌ಬರಿ ಜೈಲು. ಅವನು ಅಲ್ಲಿದ್ದಾಗಲೇ ಆ ಹತ್ತರಲ್ಲಿ ಇಬ್ಬರು, ರಿಂಗ್ ಲಾರ್ಡ್ನರ್ ಜೂನಿಯರ್ ಮತ್ತು ಲೆಸ್ಟರ್ ಕೋಲ್, ಅದೇ ಜೈಲಿನಲ್ಲಿದ್ದರು.)

ಗಾರ್ಫೀಲ್ಡ್ ಆ ಹತ್ತರಲ್ಲಿ ಇರಲಿಲ್ಲ. ಆದರೆ ಅವರ ಹಕ್ಕಿನ ಪರ ನಿಂತ ಕಲಾವಿದರ ಗುಂಪಿನಲ್ಲಿದ್ದ. ಅದೇ ಗುಂಪಿನಲ್ಲಿದ್ದ ಬೊಗಾರ್ಟ್, ಒತ್ತಡ ಜಾಸ್ತಿಯಾದಾಗ, ನಾನು ಕಮ್ಯುನಿಸ್ಟ್ ಅಲ್ಲ, ಮೋಸ ಹೋದೆ ಅಂತ ಪತ್ರಿಕೆಯಲ್ಲಿ ಬರೆದು ಪಾರಾದ. ಇವನು ಹಾಗೆ ಬರೆಯಲಿಲ್ಲ. 1950ರ ಜೂನ್‌ನಲ್ಲಿ 'ರೆಡ್ ಚಾನೆಲ್ಸ್' ಅನ್ನುವ ಕಿರುಹೊತ್ತಿಗೆ ಬಂತು, ರೇಡಿಯೊ-ಟಿವಿ ಲೋಕದ ಕೆಂಪು ಬಣ್ಣದವರ ಪಟ್ಟಿ ಅಂತ, 151 ಹೆಸರು. ಅದರಲ್ಲಿ ಇವನಿದ್ದ.

ಪ್ರಶ್ನೆ: ಸಮಿತಿಯ ಮುಂದೆ ನಿಜವಾಗಿ ಏನಾಯಿತು? ಬಾಯಿ ಮುಚ್ಚಿಕೊಂಡು ಐದನೇ ತಿದ್ದುಪಡಿ ಅಂದಿದ್ದರೆ ಆಗುತ್ತಿರಲಿಲ್ಲವೇ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ತಾಳ್ಮೆಯಿಂದ ಓದಿ. ಯಾಕಂದ್ರೆ ಅವನ ಕಥೆಯೆಲ್ಲ ಇಲ್ಲೇ ಇದೆ.

1951ರಲ್ಲಿ ಸಮಿತಿ ಎರಡನೇ ಸಲ ಹಾಲಿವುಡ್‌ಗೆ ಕೈ ಹಾಕಿತು. ಈ ಸಲ ಎಲ್ಲರಿಗೂ ಬುದ್ಧಿ ಬಂದಿತ್ತು. ಮೊದಲ ತಿದ್ದುಪಡಿ ಅಂದರೆ ಜೈಲು. ಐದನೆಯದು, ಅಂದರೆ ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ ಹಕ್ಕು, ಅದನ್ನು ಹಿಡಿದರೆ ಜೈಲಿಲ್ಲ, ಆದರೆ ಕೆಲಸವೂ ಇಲ್ಲ. ಹಾಗಾದರೆ ಒಂದು ನಡುದಾರಿ ಇರಬಹುದಲ್ಲ, ನನ್ನ ಬಗ್ಗೆ ಎಲ್ಲ ಹೇಳುತ್ತೇನೆ, ಬೇರೆಯವರ ಬಗ್ಗೆ ಕೇಳಬೇಡಿ ಅನ್ನಬಹುದಲ್ಲ? ಆ ದಾರಿಯೂ ಮುಚ್ಚಿತ್ತು. 1951ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು: ನಿನ್ನ ಬಗ್ಗೆ ಬಾಯಿ ಬಿಟ್ಟಮೇಲೆ ಉಳಿದ ಪ್ರಶ್ನೆಗೆ ಐದನೇ ತಿದ್ದುಪಡಿ ಹಿಡಿಯುವ ಹಾಗಿಲ್ಲ. ಅಂದರೆ ಬಾಯಿ ತೆಗೆದರೆ ಪೂರ್ತಿ ತೆಗೆಯಬೇಕು, ಹೆಸರು ಹೇಳಬೇಕು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅದನ್ನು ವಕೀಲರು ಕೂತು ಕಟ್ಟಿದ ಹಾಗಿತ್ತು. ಮಾರ್ಚ್‌ನಲ್ಲಿ ಲ್ಯಾರಿ ಪಾರ್ಕ್ಸ್ ಅನ್ನುವ ನಟ ಇದರಲ್ಲೇ ಸಿಕ್ಕಿಕೊಂಡ. ನಾನು ಸದಸ್ಯನಾಗಿದ್ದೆ, ಒಪ್ಪುತ್ತೇನೆ, ಬೇರೆಯವರ ಹೆಸರು ಹೇಳಿಸಿ ನನ್ನನ್ನು ಕೆಸರಲ್ಲಿ ತೆವಳಿಸಬೇಡಿ ಅಂತ ಅಂಗಲಾಚಿದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೇಳಿಸಿಯೇ ಬಿಟ್ಟರು. ಆಮೇಲೂ ಕೆಲಸ ಸಿಗಲಿಲ್ಲ.

ಏಪ್ರಿಲ್ 23ಕ್ಕೆ ಗಾರ್ಫೀಲ್ಡ್ ಸರದಿ. ಅವನು ಯಾವ ತಿದ್ದುಪಡಿಯನ್ನೂ ಹಿಡಿಯಲಿಲ್ಲ. ಸಮಿತಿಗೆ ಬೇಕಾದ್ದನ್ನೆಲ್ಲ ಹೇಳಿದ. ನಾನು ಕೆಂಪೂ ಅಲ್ಲ, ಗುಲಾಬಿಯೂ ಅಲ್ಲ, ಅಂದರೆ ಕಮ್ಯುನಿಸ್ಟನೂ ಅಲ್ಲ, ಅವರ ಕಡೆ ವಾಲಿದವನೂ ಅಲ್ಲ. ಕಮ್ಯುನಿಸಂ ಅಂದರೆ ದಬ್ಬಾಳಿಕೆ, ನನಗೆ ಅದನ್ನು ಕಂಡರಾಗದು. ನಾನು ಡೆಮಾಕ್ರಟ್, ಉದಾರವಾದಿ, ನಿಷ್ಠ ನಾಗರಿಕ, ಮುಚ್ಚಿಡುವಂಥದ್ದು ಏನೂ ಇಲ್ಲ. ಸರಿ, ಹಾಗಾದರೆ ನಿನಗೆ ಗೊತ್ತಿರುವ ಕಮ್ಯುನಿಸ್ಟರು ಯಾರು?

ಯಾರೂ ಗೊತ್ತಿಲ್ಲ.

ಗ್ರೂಪ್ ಥಿಯೇಟರ್‌ನಲ್ಲಿ? ಗೊತ್ತಿಲ್ಲ. ಹಾಲಿವುಡ್‌ನಲ್ಲಿ? ಗೊತ್ತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದು ಅವನ ಲೆಕ್ಕ. ಸಮಿತಿಯ ಸದಸ್ಯರಲ್ಲಿ ಒಬ್ಬ, ನೀನು ಹೇಳುವುದು ನನಗೆ ನಂಬಿಕೆ ಬರುತ್ತಿಲ್ಲ ಅಂತ ಮುಖಕ್ಕೇ ಹೇಳಿದ. ಗಾರ್ಫೀಲ್ಡ್ ಎದ್ದು ಹೋದ ಮೇಲೂ ಮುಗಿಯಲಿಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದ ಕೇಸು ಹಾಕಬಹುದಾ ಅಂತ ಆ ಹೇಳಿಕೆಯನ್ನು ಸಾಲು ಸಾಲಾಗಿ ಜಾಲಾಡಲು ಶುರು ಮಾಡಿದರು.

ಐದನೇ ತಿದ್ದುಪಡಿ ಹಿಡಿದಿದ್ದರೆ ಕನಿಷ್ಠ ಕಾನೂನಿನಿಂದ ಪಾರಾಗುತ್ತಿದ್ದ. 'ಬಾಡಿ ಅಂಡ್ ಸೋಲ್'ನಲ್ಲಿ ಅವನ ತಾಯಿಯಾಗಿದ್ದ ಆನ್ ರೆವಿಯರ್, ಆಸ್ಕರ್ ಗೆದ್ದ ನಟಿ, ಅವನಿಗಿಂತ ಒಂದು ವಾರ ಮುಂಚೆ ಅದನ್ನೇ ಹಿಡಿದಳು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅವಳಿಗೆ ಸಿನಿಮಾ ಇಲ್ಲ. ಗಾರ್ಫೀಲ್ಡ್ ಸಾಕ್ಷಿ ಹೇಳಿದ ವಾರವೇ ಪೊಲೊನ್ಸ್ಕಿಯೂ ಅದನ್ನೇ ಹಿಡಿದ, ಅವನ ಹೆಸರು ಮತ್ತೆ ಪರದೆ ಮೇಲೆ ಬಂದದ್ದು 1968ರಲ್ಲಿ. ಗಾರ್ಫೀಲ್ಡ್‌ಗೆ ಕೆಲಸವೂ ಬೇಕಿತ್ತು, ಮರ್ಯಾದೆಯೂ ಬೇಕಿತ್ತು. ಎರಡೂ ಉಳಿಯುತ್ತವೆ ಅಂದುಕೊಂಡ. ಇದು ಜಾಣತನವಲ್ಲ, ನಾನೂ ಒಪ್ಪುತ್ತೇನೆ.

ಪ್ರಶ್ನೆ: ನೀವು ಅವನನ್ನು ಹೀರೊ ಮಾಡುತ್ತಿದ್ದೀರಿ. ಹೆಂಡತಿಯೇ ಸದಸ್ಯೆಯಾಗಿದ್ದಳು ಅಂತ ನೀವೇ ಬರೆದಿರಿ. ಪ್ರಮಾಣ ಮಾಡಿ ಯಾರೂ ಗೊತ್ತಿಲ್ಲ ಅಂದರೆ ಅದು ಸುಳ್ಳಲ್ಲವೇ? ಮೇಲಾಗಿ ಕಮ್ಯುನಿಸಂ ಅನ್ನು ಬೈದು ಗೆಳೆಯರಿಗೂ ಕೈ ಕೊಟ್ಟ. ಎರಡು ದೋಣಿಯಲ್ಲಿ ಕಾಲಿಟ್ಟವನು ಅಷ್ಟೇ.

ನಿಮ್ಮ ಪತ್ರ ಎರಡು ಸಲ ಓದಿದೆ. ಸಿಟ್ಟು ನ್ಯಾಯವಾಗಿದೆ. ಯಾರೂ ಗೊತ್ತಿಲ್ಲ ಅಂದದ್ದು ನಂಬುವ ಮಾತಲ್ಲ, ಅಲ್ಲಿ ಕೂತವರು ಯಾರೂ ನಂಬಲೂ ಇಲ್ಲ. ಎದೆ ಸೆಟೆಸಿ ನಿಂತು ನಿಮ್ಮ ಪ್ರಶ್ನೆಯೇ ತಪ್ಪು ಅಂದವರ ಸಾಲಿನಲ್ಲಿ ಅವನನ್ನು ನಿಲ್ಲಿಸಲು ನಾನೂ ತಯಾರಿಲ್ಲ. ಹೆದರಿದ್ದ. ಹೆದರಿದ್ದು ಕಾಣಿಸುತ್ತದೆ.

ಆದರೆ ಆ ಸುಳ್ಳಿನಿಂದ ಯಾರಿಗೆ ತೊಂದರೆಯಾಯಿತು ನೋಡಿ. ಅವನಿಗೊಬ್ಬನಿಗೇ. ಪೊಲೊನ್ಸ್ಕಿಯೇ ಮುಂದೆ ಇದರ ಬಗ್ಗೆ ಬರೆದಿದ್ದಾನೆ: ಸಮಿತಿ ಕೇಳಬಯಸಿದ್ದನ್ನೆಲ್ಲ ಅವನು ಹೇಳಿದ, ಒಂದನ್ನು ಬಿಟ್ಟು. ಆ ಒಂದನ್ನು ಹೇಳಿದ್ದರೆ ಹಳೆಯ ಬೀದಿಯಲ್ಲಿ ಮತ್ತೆ ತಲೆ ಎತ್ತಿ ನಡೆಯಲು ಆಗುತ್ತಿರಲಿಲ್ಲ, ಅಗೋ ಚಾಡಿಕೋರ ಅಂತ ಜನ ಬೆರಳು ತೋರಿಸುತ್ತಿದ್ದರು. ಬೀದಿ ಹುಡುಗನ ಮಾನ ಅದು, ಅದನ್ನು ಉಳಿಸಿಕೊಂಡ ಅಂತ. ಇದೇ ಸರಿ ಅನ್ನಿಸುತ್ತದೆ ನನಗೆ. ಗಾರ್ಫೀಲ್ಡ್‌ನ ಮೌನಕ್ಕೆ ಸಿದ್ಧಾಂತ ಹುಡುಕಬೇಡಿ, ಸಿಗುವುದಿಲ್ಲ. ಲೋಯರ್ ಈಸ್ಟ್ ಸೈಡ್‌ನಲ್ಲಿ ಪೊಲೀಸ್ ಬಂದು, ಗಾಜು ಒಡೆದವರು ಯಾರೋ ಅಂತ ಕೇಳಿದಾಗ ಹುಡುಗರು ಏನು ಹೇಳುತ್ತಾರೋ ಅದನ್ನೇ ಅವನು ವಾಷಿಂಗ್ಟನ್‌ನಲ್ಲೂ ಹೇಳಿದ.

ಪ್ರಶ್ನೆ: ಉಳಿದ ನಟರು ಏನು ಮಾಡಿದರು?

ಒಬ್ಬೊಬ್ಬರು ಒಂದೊಂದು. ಎಡ್ವರ್ಡ್ ಜಿ. ರಾಬಿನ್ಸನ್ ತಾನಾಗಿಯೇ ಹೋಗಿ ಮತ್ತೆ ಮತ್ತೆ ಹೇಳಿಕೆ ಕೊಟ್ಟು, ಕೊನೆಗೆ 1952ರಲ್ಲಿ ನಾನು ಮೋಸ ಹೋದೆ ಅಂತ ಒಪ್ಪಿಕೊಂಡ ಮೇಲೆ ಬಿಟ್ಟರು. ಸ್ಟರ್ಲಿಂಗ್ ಹೇಡನ್, ಆರಡಿಗಿಂತ ಎತ್ತರದ ಗಂಡಸು, 1951ರ ಏಪ್ರಿಲ್‌ನಲ್ಲಿ ಹೆಸರು ಹೇಳಿದ. ಕೆಲಸ ಉಳಿಯಿತು. 1963ರ ಆತ್ಮಕಥೆಯಲ್ಲಿ ಅದಕ್ಕೆ ತನ್ನನ್ನೇ ಎಷ್ಟು ಬೈದುಕೊಂಡಿದ್ದಾನೆ ಅಂದರೆ, ಓದುವವರಿಗೆ ಸಾಕಪ್ಪಾ ಅನ್ನಿಸಬೇಕು. ನಿರ್ದೇಶಕರಲ್ಲಿ ಎಲಿಯಾ ಕಜಾನ್ 1952ರಲ್ಲಿ ಹೇಳಿದ, 'ಬಾಡಿ ಅಂಡ್ ಸೋಲ್' ನಿರ್ದೇಶಿಸಿದ ರಾಬರ್ಟ್ ರಾಸೆನ್ ಮೊದಲು ಹೇಳಲ್ಲ ಅಂದು, ಎರಡು ವರ್ಷ ಕೆಲಸ ಇಲ್ಲದೆ ಕೂತು, 1953ರಲ್ಲಿ ಹೇಳಿದ. 1999ರಲ್ಲಿ ಕಜಾನ್‌ಗೆ ಗೌರವ ಆಸ್ಕರ್ ಕೊಟ್ಟಾಗ ಸಭೆಯಲ್ಲಿ ಕೆಲವರು ಎದ್ದು ಚಪ್ಪಾಳೆ ತಟ್ಟಿದರು, ಕೆಲವರು ಕೈ ಕಟ್ಟಿಕೊಂಡು ಕೂತೇ ಇದ್ದರು. ಅಷ್ಟು ವರ್ಷ ಆಗಿತ್ತು, ಗಾಯ ಮಾಗಿರಲಿಲ್ಲ.

ಪ್ರಶ್ನೆ: ಬ್ರಾಂಡೊ ಮಾಡಿದ 'ಸ್ಟ್ರೀಟ್‌ಕಾರ್' ನಾಟಕದ ಸ್ಟ್ಯಾನ್ಲಿ ಪಾತ್ರ ಮೊದಲು ಗಾರ್ಫೀಲ್ಡ್‌ಗೆ ಬಂದಿತ್ತು ಅಂತಾರೆ, ನಿಜವಾ?

ನಿಜ, 1947ರಲ್ಲಿ. ಮಾತುಕತೆ ಕೂಡಿಬರಲಿಲ್ಲ. ಕೈ ತಪ್ಪಿತು. ಬ್ರಾಂಡೊ ಅದೃಷ್ಟ.

ಪ್ರಶ್ನೆ: ಅವನನ್ನು ಕೊಂದದ್ದು ಸಮಿತಿಯೇ ಅಂತ ಎಲ್ಲೋ ಓದಿದೆ. ಅದು ಜಾಸ್ತಿಯಾಯಿತು ಅಲ್ವಾ? ಹೆಂಗಸೊಬ್ಬಳ ಮನೆಯಲ್ಲಿ ಸತ್ತ ಅಂತಲೂ ಇದೆ.

ಎರಡನೆಯದನ್ನು ಮೊದಲು ಮುಗಿಸೋಣ. ಹೌದು, ನ್ಯೂಯಾರ್ಕಿನ ಗ್ರಾಮರ್ಸಿ ಪಾರ್ಕಿನಲ್ಲಿ, ಗೆಳತಿಯೊಬ್ಬಳ ಮನೆಯಲ್ಲಿ, ನಿದ್ದೆಯಲ್ಲಿ. ಆ ಹೊತ್ತಿಗೆ ಹೆಂಡತಿಯಿಂದ ದೂರ ಇದ್ದ. ಪತ್ರಿಕೆಗಳು ಅದನ್ನೇ ಹಿಡಿದು ಎಳೆದಾಡಿದವು. ನಾವೂ ಎಳೆದಾಡುವುದು ಬೇಡ.

ಕೊಂದದ್ದು ಯಾರು ಅನ್ನುವುದಕ್ಕೆ, ಹೃದಯ ಮೊದಲೇ ಕೆಟ್ಟಿತ್ತು, ಸೇನೆಯ ಡಾಕ್ಟರೇ ಹೇಳಿದ್ದರು ಅನ್ನಬಹುದು. ಸರಿ. ಆದರೆ ಕೊನೆಯ ಒಂದು ವರ್ಷ ಹೇಗಿತ್ತು ಅಂತಲೂ ಕೇಳಿ. 1951ರಲ್ಲಿ ಬಂದ 'ಹಿ ರ‍್ಯಾನ್ ಆಲ್ ದ ವೇ' ಅವನ ಕೊನೆಯ ಚಿತ್ರ. ಬೆನ್ನು ಹತ್ತಿದ ಪೊಲೀಸರಿಂದ ಓಡಿ ಅಪರಿಚಿತರ ಮನೆಯಲ್ಲಿ ಅಡಗಿಕೊಳ್ಳುವ, ಯಾರನ್ನೂ ನಂಬಲಾಗದವನ ಕಥೆ. ಚಿತ್ರಕಥೆಯಲ್ಲಿ ಆ ಹತ್ತು ಜನರಲ್ಲೊಬ್ಬನಾದ ಡಾಲ್ಟನ್ ಟ್ರಂಬೊನ ಕೈ ಇತ್ತು, ಹೆಸರು ಮಾತ್ರ ಬೇರೆಯವರದು. ನಿರ್ದೇಶಕ ಜಾನ್ ಬೆರಿ ಕಪ್ಪುಪಟ್ಟಿಗೆ ಬಿದ್ದು ದೇಶ ಬಿಟ್ಟ. ಆಮೇಲೆ ಗಾರ್ಫೀಲ್ಡ್‌ಗೆ ಹಾಲಿವುಡ್‌ನಿಂದ ಕರೆ ಬರಲಿಲ್ಲ. ನ್ಯೂಯಾರ್ಕಿಗೆ ವಾಪಸ್ ಬಂದ. ಹೆಸರು ತೊಳೆದುಕೊಳ್ಳಲು ಒಂದು ಪತ್ರಿಕೆಗೆ ಲೇಖನ ಸಿದ್ಧ ಮಾಡುತ್ತಿದ್ದ, ತನ್ನ ಬಾಕ್ಸಿಂಗ್ ಪಾತ್ರಗಳನ್ನು ನೆನೆದು ಅದಕ್ಕೆ 'ಎಡಗೈ ಏಟಿಗೆ ಮೋಸ ಹೋದೆ' ಅನ್ನುವ ಅರ್ಥದ ತಲೆಬರಹ. ಅದು ಅಚ್ಚಾಗಲೇ ಇಲ್ಲ.

ಇಷ್ಟರಲ್ಲಿ ಒಂದು ಒಳ್ಳೆಯದು ನಡೆಯಿತು. 1952ರ ಮಾರ್ಚ್‌ನಲ್ಲಿ 'ಗೋಲ್ಡನ್ ಬಾಯ್' ಮತ್ತೆ ರಂಗಕ್ಕೆ ಬಂತು, ಓಡೆಟ್ಸ್‌ನದೇ ನಿರ್ದೇಶನ. ಹದಿನೈದು ವರ್ಷದ ಹಿಂದೆ ಕಿತ್ತುಕೊಂಡಿದ್ದ ಪಾತ್ರ ಕೊನೆಗೂ ಗಾರ್ಫೀಲ್ಡ್ ಕೈಗೆ ಸಿಕ್ಕಿತು. ಇಪ್ಪತ್ತೊಂದರ ಹುಡುಗನಾಗಬೇಕಾದವನಿಗೆ ಆಗ 39. ಆದರೂ ಮಾಡಿದ.

ಎರಡು ತಿಂಗಳ ನಂತರ, ಮೇ 19 ಮತ್ತು 20ರಂದು, ಅದೇ ಓಡೆಟ್ಸ್ ಸಮಿತಿಯ ಮುಂದೆ ಕೂತು ಗ್ರೂಪ್ ಥಿಯೇಟರ್‌ನ ಹಳೆಯ ಗೆಳೆಯರ ಹೆಸರು ಹೇಳಿದ. ಅದರಲ್ಲಿ ಜೆ. ಎಡ್ವರ್ಡ್ ಬ್ರಾಂಬರ್ಗ್ ಹೆಸರೂ ಇತ್ತು. ಬ್ರಾಂಬರ್ಗ್ ಕಪ್ಪುಪಟ್ಟಿಗೆ ಬಿದ್ದು, ಕೆಲಸ ಹುಡುಕಿ ಲಂಡನ್‌ಗೆ ಹೋಗಿ, 1951ರ ಡಿಸೆಂಬರ್‌ನಲ್ಲಿ ಹೃದಯ ಕೈಕೊಟ್ಟು ಸತ್ತಿದ್ದ. ಅವನ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವನೂ ಓಡೆಟ್ಸ್‌ನೇ. 'ಬಾಡಿ ಅಂಡ್ ಸೋಲ್'ನ ಇನ್ನೊಬ್ಬ ಬಾಕ್ಸರ್, ಕಪ್ಪು ನಟ ಕೆನಡಾ ಲೀ, ಕೆಲಸವಿಲ್ಲದೆ ನವೆದು 1952ರ ಮೇ 9ಕ್ಕೆ ಹೋಗಿದ್ದ. ಓಡೆಟ್ಸ್ ಸಾಕ್ಷಿ ಮುಗಿಸಿದ ಮರುದಿನ, ಮೇ 21, ಗಾರ್ಫೀಲ್ಡ್.

ಲೆಕ್ಕ ನೀವೇ ಹಾಕಿ. ನಾನು ಡಾಕ್ಟರ್ ಅಲ್ಲ.

ಅಂತ್ಯಕ್ರಿಯೆಗೆ ಮ್ಯಾನ್‌ಹಟನ್‌ನ ರಿವರ್‌ಸೈಡ್ ಚಾಪೆಲ್ ಮುಂದೆ ಸುಮಾರು ಹತ್ತು ಸಾವಿರ ಜನ ಸೇರಿದರು. 1926ರಲ್ಲಿ ರುಡಾಲ್ಫ್ ವಾಲೆಂಟಿನೊ ಸತ್ತ ಮೇಲೆ ನಟನೊಬ್ಬನಿಗೆ ನ್ಯೂಯಾರ್ಕಿನಲ್ಲಿ ಅಷ್ಟು ಜನ ಸೇರಿರಲಿಲ್ಲ. ಹಾಲಿವುಡ್ ಕೈ ಬಿಟ್ಟಿತ್ತು, ಬೀದಿ ಬಿಟ್ಟಿರಲಿಲ್ಲ.

ಪ್ರಶ್ನೆ: ಅವನ ಚಿತ್ರಗಳಲ್ಲಿ ನಿಮಗೆ ಮರೆಯಲಾಗದ ಒಂದೇ ಒಂದು ಶಾಟ್? (ಸೇತುವೆ ಮೆಟ್ಟಿಲು ಅನ್ನಬೇಡಿ, ಅದನ್ನು ಹೋದ ಸಂಚಿಕೆಯಲ್ಲೇ ಬರೆದಾಯಿತು.)

ಸಿಕ್ಕಿಬಿದ್ದೆ. ಹಾಗಾದರೆ 1950ರ 'ದ ಬ್ರೇಕಿಂಗ್ ಪಾಯಿಂಟ್'. ಹೆಮಿಂಗ್ವೆ ಕಾದಂಬರಿ, ಮೈಕೆಲ್ ಕರ್ಟಿಜ್ ನಿರ್ದೇಶನ. ಅದೇ ಕಾದಂಬರಿಯನ್ನು ಬೊಗಾರ್ಟ್ ಕೂಡ ಮಾಡಿದ್ದಾನೆ, ಅದೇ ಹೆಸರುವಾಸಿ. ಇದು ಬಿಡುಗಡೆಯಾಗುವ ಹೊತ್ತಿಗೆ 'ರೆಡ್ ಚಾನೆಲ್ಸ್' ಬಂದಾಗಿತ್ತು, ಸ್ಟುಡಿಯೊ ಪ್ರಚಾರಕ್ಕೆ ಕೈ ಬಿಚ್ಚಲಿಲ್ಲ, ಚಿತ್ರ ಸದ್ದಿಲ್ಲದೆ ಬಂದು ಹೋಯಿತು.

ಗಾರ್ಫೀಲ್ಡ್ ಇದರಲ್ಲಿ ಸಾಲದಲ್ಲಿ ಮುಳುಗಿದ ದೋಣಿ ಮಾಲೀಕ. ಜೊತೆಗಾರ ವೆಸ್ಲಿ, ಕಪ್ಪು ಮನುಷ್ಯ, ಆ ಪಾತ್ರದಲ್ಲಿ ಹುವಾನೊ ಹೆರ್ನಾಂಡೆಸ್. ಇಬ್ಬರೂ ಸಮಸಮ ಗೆಳೆಯರು, ಮಕ್ಕಳು ಒಟ್ಟಿಗೇ ಶಾಲೆಗೆ ಹೋಗುತ್ತವೆ, 1950ರ ಹಾಲಿವುಡ್‌ನಲ್ಲಿ ಇದು ಕಾಣಸಿಗುವುದೇ ಅಪರೂಪ. ಕಳ್ಳರು ದೋಣಿ ಹತ್ತುವಾಗ ವೆಸ್ಲಿಯನ್ನು ಗುಂಡಿಕ್ಕಿ ಸಮುದ್ರಕ್ಕೆ ಎಸೆಯುತ್ತಾರೆ. ಕೊನೆಗೆ ದೋಣಿ ದಡಕ್ಕೆ ಬರುತ್ತದೆ. ಗಾಯಗೊಂಡ ನಾಯಕನ ಸುತ್ತ ಹೆಂಡತಿ, ಪೊಲೀಸರು, ನೋಡಲು ಬಂದವರು. ಅವನನ್ನು ಆಂಬುಲೆನ್ಸ್‌ಗೆ ಹತ್ತಿಸುತ್ತಾರೆ. ಜನ ಚದುರುತ್ತಾರೆ. ಕ್ಯಾಮೆರಾ ಮೇಲಕ್ಕೆ ಹೋಗುತ್ತದೆ. ಖಾಲಿ ಕಟ್ಟೆಯ ಮೇಲೆ ವೆಸ್ಲಿಯ ಪುಟ್ಟ ಮಗ ಒಬ್ಬನೇ ನಿಂತಿದ್ದಾನೆ, ಅಪ್ಪ ಎಲ್ಲಿ ಅಂತ ಆ ಕಡೆ ಈ ಕಡೆ ನೋಡುತ್ತಾ. ಯಾರೂ ಅವನಿಗೆ ಹೇಳಿಲ್ಲ.